ಟಿಪ್ಪು ಕಥೆಯಲ್ಲಿ ಶೂಟ್ ಆಗದೇ ಉಳಿದ ರೀಲು

ಪರದೆಯ ಮೇಲೆ ಟಿಪ್ಪು ಸುಲ್ತಾನನ ಕಥೆ ಶ್ರೀರಂಗಪಟ್ಟಣದ ಕೋಟೆಯೊಳಗೇ ಹುಟ್ಟಿ ಅಲ್ಲೇ ಮುಗಿಯುತ್ತದೆ. ಆದರೆ ಅದಕ್ಕೆ ಬೀಜ ಬಿದ್ದದ್ದು ನಂಜನಗೂಡಿನ ಮಗ್ಗುಲಿನ ಕಳಲೆಯಲ್ಲಿ. ಕೊನೆಯ ತಿರುವು ಸಿಕ್ಕಿದ್ದು ತಿ. ನರಸೀಪುರದ ಸೋಸಲೆ ಹೊಳೆಯಲ್ಲಿ. ಮೈಸೂರಿನವರೆಗೆ ಬಂದ ಕ್ಯಾಮೆರಾ ಅಲ್ಲೇ ಬೆಂಕಿಗೆ ಸಿಕ್ಕಿತು!

1799ರ ಮಾರ್ಚ್ ತಿಂಗಳ ಕೊನೆ. ಬೇಸಿಗೆಗೆ ಸೊರಗಿದ ಕಾವೇರಿ ಸೋಸಲೆಯ ಹತ್ತಿರ ಮರಳು ತೋರಿಸಿಕೊಂಡು ಹರಿಯುತ್ತಿದೆ. ಮಳವಳ್ಳಿ ಕಡೆಯಿಂದ ಧೂಳೆಬ್ಬಿಸಿಕೊಂಡು ಬಂದ ದಂಡು ದಡದಲ್ಲಿ ನಿಂತಿದೆ. ಮೊದಲು ಕುದುರೆಗಳು ನೀರಿಗಿಳಿದವು. ಹಿಂದೆ ಕೆಂಪು ಕೋಟಿನ ಸಿಪಾಯಿಗಳು, ಅವರ ಹಿಂದೆ ಮುಗಿಯದ ಎತ್ತಿನ ಸಾಲು. ಕೋಟೆ ಒಡೆಯುವ ಫಿರಂಗಿಯೊಂದನ್ನು ಹೊಳೆ ದಾಟಿಸಲು ಎಷ್ಟು ಜೋಡಿ ಎತ್ತು ಕಟ್ಟಬೇಕು, ಎಷ್ಟು ಜನ ಹಗ್ಗ ಹಿಡಿಯಬೇಕು, ಯಾರು ಬೈಯಬೇಕು, ಯಾರು ಬೈಸಿಕೊಳ್ಳಬೇಕು! ಮರಳಿನಲ್ಲಿ ಗಾಲಿ ಹೂತರೆ ಹಿಂದಿನ ಸಾಲೆಲ್ಲ ನಿಂತಿತು.

ಈಸ್ಟ್ ಇಂಡಿಯಾ ಕಂಪನಿಯ ಈ ದಂಡಿನ ಮುಖ್ಯಸ್ಥ ಜನರಲ್ ಹ್ಯಾರಿಸ್. ಜತೆಗೆ ಬಂದ ಹೈದರಾಬಾದ್ ನಿಜಾಮನ ಪಡೆಯ ಹೊಣೆ ಹೊತ್ತವನು ಇನ್ನೂ ಮೂವತ್ತು ತುಂಬದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿಕೊಂಡು ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ.

ದಂಡು ಹೊಳೆ ದಾಟಿದ ಐದು ವಾರಕ್ಕೆ, ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಸತ್ತ. ಆ ಸಾವನ್ನು ನಾಟಕದವರು, ಚಿತ್ರಕಾರರು, ಸಿನಿಮಾದವರು, ಟೀವಿಯವರು ಬಗೆಬಗೆಯಾಗಿ ತೋರಿಸಿದ್ದಾರೆ. ಸೋಸಲೆಯ ಹೊಳೆ ಮಾತ್ರ ಯಾರ ಕಣ್ಣಲ್ಲೂ ಉಳಿದಿಲ್ಲ. ಕತ್ತಿ ಇದ್ದ ಕಡೆ ಕ್ಯಾಮೆರಾ ಓಡುತ್ತದೆ, ಎತ್ತು ಇದ್ದ ಕಡೆ ಹೋಗುವುದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಹುಲ್ಲು ಮಾಡಿದ ಯುದ್ಧ

ಹೊಳೆಯನ್ನು ಸೋಸಲೆಯಲ್ಲೇ ಏಕೆ ದಾಟಬೇಕಿತ್ತು? ಉತ್ತರ ಎಂಟು ವರ್ಷ ಹಿಂದಿನದು.

1791ರಲ್ಲಿ ಕಾರ್ನ್‌ವಾಲಿಸ್ ಇಂಗ್ಲಿಷರ ದಂಡಿನೊಂದಿಗೆ ಶ್ರೀರಂಗಪಟ್ಟಣದ ಮೇಲೆ ಏರಿ ಬಂದಿದ್ದ. ಅರಕೆರೆಯ ಹತ್ತಿರದ ಕಾಳಗದಲ್ಲಿ ಗೆದ್ದೂ ಇದ್ದ. ಆದರೆ ದಾರಿಯುದ್ದಕ್ಕೂ ಮೇವಿಲ್ಲ, ಮಳೆ ಬೇರೆ ಹಿಡಿಯಿತು. ಎತ್ತುಗಳು ಸಾಲುಸಾಲಾಗಿ ಸತ್ತವು. ಫಿರಂಗಿ ಎಳೆಯುವವರೇ ಇಲ್ಲದ ಮೇಲೆ ಕೋಟೆ ಒಡೆಯುವುದೆಂತು? ಕನ್ನಂಬಾಡಿಯ ಬಳಿ ತನ್ನ ಭಾರೀ ಫಿರಂಗಿಗಳನ್ನು ತಾನೇ ಒಡೆದುಹಾಕಿ ಕಾರ್ನ್‌ವಾಲಿಸ್ ಬೆಂಗಳೂರಿಗೆ ವಾಪಸಾದ. ಗೆದ್ದವನು ಹುಲ್ಲಿಲ್ಲದೆ ಹಿಂದಿರುಗಿದ ವಿಚಿತ್ರ ಪ್ರಸಂಗ ಅದು.

ಟಿಪ್ಪು ಆ ಪಾಠ ಮರೆತಿರಲಿಲ್ಲ. 1799ರಲ್ಲೂ ಇಂಗ್ಲಿಷರು ಹಳೆಯ ದಾರಿಯಲ್ಲೇ, ಕಾವೇರಿಯ ಉತ್ತರ ದಡ ಹಿಡಿದೇ ಬರುತ್ತಾರೆ ಎಂದು ಲೆಕ್ಕ ಹಾಕಿದ. ಅಲ್ಲಿನ ಮೇವನ್ನೆಲ್ಲ ಸುಡಿಸಿದ. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಎದುರಾಗಿ ನಿಂತು, ಸೋತು, ಹಿಂದೆ ಸರಿದ.

ಹ್ಯಾರಿಸ್ ಹಳೆಯ ದಾರಿ ಬಿಟ್ಟ. ಎಡಕ್ಕೆ ಹೊರಳಿ ಸೋಸಲೆಗೆ ಬಂದು ಹೊಳೆ ದಾಟಿಬಿಟ್ಟ. ದಕ್ಷಿಣದ ದಡದಲ್ಲಿ ಹುಲ್ಲಿತ್ತು, ಹಳ್ಳಿಗಳಲ್ಲಿ ಬಣವೆ ಇದ್ದವು. ಈ ಸೀಮೆಯ ರೈತರು ವರ್ಷಕ್ಕಾಗುವಷ್ಟು ಒಟ್ಟಿಟ್ಟ ಹುಲ್ಲು ಕಂಪನಿಯ ಎತ್ತಿಗೆ ಆಹಾರವಾಯಿತು. ಒಂದು ರಾಜ್ಯದ ಹಣೆಬರಹ ಬಣವೆಯ ಲೆಕ್ಕದಲ್ಲಿ ತೀರ್ಮಾನವಾಯಿತು ಎಂದರೆ ಸಿನಿಮಾದವರಿಗೆ ಸಪ್ಪೆ ಅನ್ನಿಸಬಹುದು. ರೈತರಿಗೆ ಅನ್ನಿಸಲಿಕ್ಕಿಲ್ಲ.

ದಂಡು ಹೊಳೆ ದಾಟಿದ ಸುದ್ದಿ ಕೇಳಿ ಟಿಪ್ಪು ಕುಸಿದುಹೋದನೆಂದು ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಹೇಳುತ್ತಾನೆ. ಬನ್ನೂರಿನಲ್ಲಿ ತನ್ನ ಮುಖ್ಯ ಸರದಾರರನ್ನೆಲ್ಲ ಸೇರಿಸಿ, ನಾವು ಕೊನೆಯ ಹಂತಕ್ಕೆ ಬಂದಿದ್ದೇವೆ, ನಿಮ್ಮ ನಿರ್ಧಾರವೇನು ಎಂಬರ್ಥದಲ್ಲಿ ಕೇಳಿದ. ನಿಮ್ಮೊಂದಿಗೇ ಸಾಯುತ್ತೇವೆಂದು ಅವರೆಲ್ಲ ಒಪ್ಪಿಕೊಂಡರು. ಬರೆದವನು ಕಂಪನಿಯ ಅಧಿಕಾರಿ. ಆದ್ದರಿಂದ ಮಾತಿಗೆ ಮಾತು ಹೀಗೇ ನಡೆಯಿತೆಂದು ನಂಬಬೇಕಿಲ್ಲ. ಆದರೆ ಸಭೆ ಸೇರಿದ ಊರು ಬನ್ನೂರು. ಕುರಿಗೆ ಹೆಸರಾದ ಅದೇ ಬನ್ನೂರು, ಇವತ್ತಿನ ತಿ. ನರಸೀಪುರ ತಾಲ್ಲೂಕು.

ಚಿತ್ರಕಥೆ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಇಂಟರ್‌ವಲ್ ಎಲ್ಲಿ ಸಿಗುತ್ತದೆ?

ಗೋಣಿತಾಟಿನ ಅರಮನೆ

ಈ ಕಥೆಯನ್ನು ದೊಡ್ಡ ಪ್ರಮಾಣದಲ್ಲಿ ತೆರೆಗೆ ತರುವ ಪ್ರಯತ್ನ ನಡೆದದ್ದು ಎಂಬತ್ತರ ದಶಕದ ಕೊನೆಗೆ. ಭಗವಾನ್ ಎಸ್. ಗಿದ್ವಾನಿ 1976ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿಯನ್ನು ಹಿಡಿದು ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಎಂಬ ಹಿಂದಿ ಧಾರಾವಾಹಿ ಮಾಡಲು ಸಂಜಯ್ ಖಾನ್ ಹೊರಟರು. ಟಿಪ್ಪು ಪಾತ್ರವೂ ಅವರದೇ. ಹೈದರಾಲಿಯಾಗಿ ಶಹಬಾಜ್ ಖಾನ್. ಸಂಗೀತ ನೌಷಾದ್.

ಚಿತ್ರೀಕರಣಕ್ಕೆ ಆರಿಸಿಕೊಂಡದ್ದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋ. ಎಂ. ಎನ್. ಬಸವರಾಜಯ್ಯನವರು ಕಟ್ಟಿದ ಆ ಸ್ಟುಡಿಯೋ ಮೈಸೂರಿಗರ ಪಾಲಿಗೆ ಸಿನಿಮಾ ಎಂಬ ಮಾಯಾಲೋಕದ ಹೆಬ್ಬಾಗಿಲಾಗಿತ್ತು. ತಾರೆಯರು ಕಾರಿಳಿಯುವುದನ್ನು ನೋಡಲು ಗೇಟಿನ ಬಳಿ ನಿಂತವರು ಊರಲ್ಲಿ ಇಂದಿಗೂ ಸಿಗುತ್ತಾರೆ.

1989ರ ಫೆಬ್ರವರಿ 8. ಫ್ಲೋರಿನೊಳಗೆ ಅರಮನೆಯ ವೈಭವ ಎದ್ದಿತ್ತು. ಕಟ್ಟಿಗೆ, ಬಟ್ಟೆ, ಬಣ್ಣ, ಥರ್ಮಕೋಲ್ ಸೇರಿದರೆ ಅರಮನೆ. ಹಿಂದಿಯಾದರೇನು, ಕನ್ನಡವಾದರೇನು, ಸೆಟ್ಟಿನ ಧರ್ಮ ಒಂದೇ. ಹೊರಗಿನ ಸದ್ದು ಒಳಬರದಂತೆ ಗೋಡೆಗೆ ಗೋಣಿತಾಟು ಹೊದಿಸಿತ್ತು. ಮೇಲಿಂದ ದೊಡ್ಡ ದೊಡ್ಡ ದೀಪಗಳ ಕಾವು. ಗಾಳಿಯಾಡಲು ಸರಿಯಾದ ಕಿಂಡಿಗಳಿಲ್ಲ. ವೈರಿಂಗ್ ಸಡಿಲವಾಗಿತ್ತು ಎಂಬ ಮಾತೂ ಬಂತು.

ಬೆಂಕಿ ಹತ್ತಿಕೊಂಡಾಗ ಒಣಗಿದ ಗೋಣಿಗೆ ಎಷ್ಟು ಹೊತ್ತು ಬೇಕು? ಒಳಗಿದ್ದವರಿಗೆ ಬಾಗಿಲು ಸಿಗಲಿಲ್ಲ. 62 ಮಂದಿ ಸತ್ತರು.

ಸತ್ತವರಲ್ಲಿ ಹೆಚ್ಚಿನವರ ಹೆಸರು ಯಾವ ಪೋಸ್ಟರ್ ಮೇಲೂ ಬರುವಂಥದ್ದಲ್ಲ. ಲೈಟು ಹಿಡಿಯುವವರು, ಸೆಟ್ಟು ಕಟ್ಟುವವರು, ಗುಂಪಿನಲ್ಲಿ ನಿಲ್ಲುವ ಸಹಕಲಾವಿದರು. ಚರಿತ್ರೆಯ ದಂಡಿನಲ್ಲಿ ಎತ್ತು ಹೊಡೆದವರಿಗೂ ಚಿತ್ರದ ದಂಡಿನಲ್ಲಿ ಹಲಗೆ ಹೊತ್ತವರಿಗೂ ಹೆಸರಿನ ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ತೀವ್ರವಾಗಿ ಸುಟ್ಟುಕೊಂಡ ಸಂಜಯ್ ಖಾನ್ 13 ತಿಂಗಳು ಆಸ್ಪತ್ರೆಯಲ್ಲಿದ್ದರು. ಎಪ್ಪತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ನಡೆದವು. ಆದರೂ ಕೆಲಸ ನಿಲ್ಲಲಿಲ್ಲ. 1990ರಲ್ಲಿ ಧಾರಾವಾಹಿ ದೂರದರ್ಶನದಲ್ಲಿ ಬಂತು. ಅದರ ಹಿಂದೆಯೇ ಮೊಕದ್ದಮೆಗಳೂ ಬಂದವು. ಟಿಪ್ಪುವಿನ ಹೆಸರೆತ್ತಿದರೆ ಜಗಳ ಎಂಬುದು ಇಂದಿನದೇನಲ್ಲ. ಕಡೆಗೆ, ಇದು ಕಾದಂಬರಿ ಆಧರಿಸಿದ ಕಾಲ್ಪನಿಕ ಕಥೆ ಎಂಬ ಒಕ್ಕಣೆಯೊಂದಿಗೆ ಪ್ರಸಾರವಾಯಿತು.

ಟೀವಿ ಇದ್ದ ಮನೆಯ ಜಗಲಿ ತುಂಬ ಜನ ಕೂತು ಅದನ್ನು ನೋಡಿದ ಕಾಲವದು. ಹಿಂದಿ ಬಾರದವರೂ ನೋಡಿದರು, ಕಥೆ ನಮ್ಮೂರಿನದು ಎಂಬ ಒಂದೇ ಕಾರಣಕ್ಕೆ. ಆದರೆ ನಮ್ಮೂರಿನವರು ಮಾತಾಡುತ್ತಿದ್ದುದು ಮಾತ್ರ ಉರ್ದು ಬೆರೆತ ಹಿಂದಿಯಲ್ಲಿ.

| ಬಾಕ್ಸ್ | ರೈಲು ಹೊತ್ತ ದಳವಾಯಿ ಸೇತುವೆ

*ನಂಜನಗೂಡಿನಲ್ಲಿ ಕಪಿಲೆಗೆ ಅಡ್ಡಲಾಗಿರುವ ಕಲ್ಲಿನ ಹಳೆ ಸೇತುವೆ 1735ರದ್ದು. ಕಟ್ಟಿಸಿದವನು ಕಳಲೆಯ ದಳವಾಯಿ (ಸೇನಾಪತಿ) ದೇವರಾಜ. ಭಾರತಕ್ಕೆ ರೈಲು ಬರಲು ಇನ್ನೂ ನೂರು ವರ್ಷಕ್ಕೂ ಮೇಲಿದ್ದ ಕಾಲ.*

*1891ರಲ್ಲಿ ಮೈಸೂರು–ನಂಜನಗೂಡು ಮೀಟರ್‌ಗೇಜ್ ಹಳಿ ಬಂದಾಗ ಬೇರೆ ಸೇತುವೆ ಕಟ್ಟುವ ಗೊಡವೆಗೆ ಹೋಗದೆ ಇದರ ಮೇಲೇ ಹಳಿ ಹಾಸಿದರು. ಒಂದು ಮಗ್ಗುಲಲ್ಲಿ ಗಾಡಿ, ಬಸ್ಸು; ಇನ್ನೊಂದು ಮಗ್ಗುಲಲ್ಲಿ ರೈಲು. ದೇಶದಲ್ಲಿ ರೈಲು ಹೊತ್ತ ಸೇತುವೆಗಳಲ್ಲೆಲ್ಲ ಅತ್ಯಂತ ಹಳೆಯದು ಎಂಬ ಹೆಸರು ಇದಕ್ಕಿದೆ. ಬ್ರಾಡ್‌ಗೇಜ್ ಬಂದ ಮೇಲೆ ರೈಲು ಪಕ್ಕದ ಹೊಸ ಸೇತುವೆಗೆ ಹೋಯಿತು.*

ಕಳಲೆಯ ಅಣ್ಣ–ತಮ್ಮ

ನಂಜನಗೂಡಿನಿಂದ ಕೂಗಳತೆಯಲ್ಲಿ ಕಳಲೆ. ಹೊಲ, ತೋಟಗಳ ನಡುವಿನ ಈ ಊರು ಒಂದು ಕಾಲಕ್ಕೆ ಮೈಸೂರಿನ ಗದ್ದುಗೆಯ ಮೇಲೆ ಯಾರು ಕೂರಬೇಕೆಂದು ತೀರ್ಮಾನಿಸುತ್ತಿತ್ತು ಎಂದರೆ ಈಗ ನಂಬುವುದು ಕಷ್ಟ.

ಒಡೆಯರ ಮನೆತನಕ್ಕೂ ಕಳಲೆಯವರಿಗೂ ಹೆಣ್ಣು ತಂದು ಕೊಡುವ ನಂಟು. ದಳವಾಯಿ ಪಟ್ಟ ಕಳಲೆಯವರದು. ಹದಿನೆಂಟನೇ ಶತಮಾನದಲ್ಲಿ ದಳವಾಯಿ ದೇವರಾಜ, ಸರ್ವಾಧಿಕಾರಿ ಕರಾಚೂರಿ ನಂಜರಾಜ ಎಂಬ ಅಣ್ಣತಮ್ಮಂದಿರ ಕಾಲಕ್ಕೆ ಅಧಿಕಾರ ಪೂರ್ತಿ ಇವರ ಕೈಯಲ್ಲಿ. 1734ರಲ್ಲಿ ಚಾಮರಾಜ ಒಡೆಯರನ್ನು ಪಟ್ಟದಿಂದಿಳಿಸಿ ಕಬ್ಬಾಳುದುರ್ಗಕ್ಕೆ ಕಳಿಸಲಾಯಿತು. ಅವರು ಅಲ್ಲೇ ತೀರಿಕೊಂಡರು. ಬಾಲಕನನ್ನು ತಂದು ಪಟ್ಟ ಕಟ್ಟಿದರು. ಮರುವರ್ಷವೇ ಕಪಿಲೆಗೆ ಸೇತುವೆ ಕಟ್ಟಿಸಿದವರೂ ಕಳಲೆಯವರೇ. ಒಳ್ಳೆಯವರೋ ಕೆಟ್ಟವರೋ ಎಂಬ ಪ್ರಶ್ನೆಗೆ ಕಳಲೆಯವರು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ನಂಜರಾಜನಂತೂ ಯಾವ ನಟನಾದರೂ ಬಾಯಿ ಚಪ್ಪರಿಸಬೇಕಾದ ಪಾತ್ರ. ರಾಜನನ್ನು ಗೊಂಬೆ ಮಾಡಿ ಆಡಿಸಿದವನು, ಹಾಗೆಯೇ ನಂಜುಂಡೇಶ್ವರನ ಪರಮಭಕ್ತ. ‘ಗೀತಗೋವಿಂದ’ದ ಹಾದಿಯಲ್ಲಿ ಸಂಸ್ಕೃತದಲ್ಲಿ ‘ಸಂಗೀತಗಂಗಾಧರ’ ಬರೆದ, ಕನ್ನಡಕ್ಕೆ ಪುರಾಣಗಳನ್ನು ತಂದ. ಇವನನ್ನು ಹೊಗಳಿ ನೃಸಿಂಹ ಕವಿ ‘ನಂಜರಾಜಯಶೋಭೂಷಣ’ ಎಂಬ ಅಲಂಕಾರ ಗ್ರಂಥವನ್ನೇ ರಚಿಸಿದ. ವಜ್ರಮುನಿ ಇದ್ದಿದ್ದರೆ ಈ ಪಾತ್ರ ಏನಾಗುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಸ್ಟ್ ಇಂಡಿಯಾ ಕಂಪನಿಯ ಆಟದೊಳಗೆ ಮೈಸೂರನ್ನು ಎಳೆದುಕೊಂಡು ಹೋದವನೂ ಇವನೇ. ತಿರುಚಿನಾಪಳ್ಳಿಯಲ್ಲಿ ಸಿಕ್ಕಿಬಿದ್ದಿದ್ದ ಆರ್ಕಾಟಿನ ಮಹಮ್ಮದಾಲಿ, ಕಾಪಾಡಿದರೆ ಆ ಊರನ್ನೇ ಬಿಟ್ಟುಕೊಡುವುದಾಗಿ ಮಾತು ಕೊಟ್ಟ. ಮಹಮ್ಮದಾಲಿಯ ಬೆನ್ನಿಗೆ ಇಂಗ್ಲಿಷರು, ಅವನ ಎದುರಾಳಿ ಚಂದಾ ಸಾಹೇಬನ ಬೆನ್ನಿಗೆ ಫ್ರೆಂಚರು. ನಂಜರಾಜ ದಂಡು ಕಟ್ಟಿಕೊಂಡು ಹೋದ. 1752ರಲ್ಲಿ ಚಂದಾ ಸಾಹೇಬ ಸತ್ತ, ಮಹಮ್ಮದಾಲಿ ಗೆದ್ದ. ಕೊಟ್ಟ ಮಾತು ಮಾತ್ರ ಗಾಳಿಗೆ ಹೋಯಿತು.

ಹಟ ಬಿಡದ ನಂಜರಾಜ ಅಲ್ಲೇ ಬೀಡುಬಿಟ್ಟ, ಫ್ರೆಂಚರ ಕಡೆ ಸೇರಿದ, ವರ್ಷಗಟ್ಟಲೆ ಕಾದ, ಬರಿಗೈಯಲ್ಲಿ ಬಂದ. ಅಷ್ಟರಲ್ಲಿ ಇತ್ತ ಹೈದರಾಬಾದಿನ ಸಲಾಬತ್ ಜಂಗ್ ಮತ್ತು ಫ್ರೆಂಚ್ ಸೇನಾನಿ ಬುಸ್ಸಿ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದು ಹಣ ಕೇಳಿದ್ದರು. 56 ಲಕ್ಷಕ್ಕೆ ಒಪ್ಪಂದ. ಬೊಕ್ಕಸ ಬರಿದಾಗಿತ್ತು, ದೇವಸ್ಥಾನದ ಒಡವೆ ಕರಗಿಸಬೇಕಾಯಿತು. ತಮ್ಮನ ನಡೆಗೆ ಬೇಸತ್ತ ದೇವರಾಜ ಸತ್ಯಮಂಗಲಕ್ಕೆ ಹೊರಟುಹೋದ.

ಸಂಬಳ ಸಿಗದೆ ದಂಡು ದಂಗೆ ಎದ್ದಾಗ ಅದನ್ನು ಸಂಭಾಳಿಸಿದವನು ಒಬ್ಬ ನಾಯಕ. 1749ರಲ್ಲಿ ನಂಜರಾಜ ದೇವನಹಳ್ಳಿಯನ್ನು ಮುತ್ತಿದಾಗ ಅವನ ಕಣ್ಣಿಗೆ ಬಿದ್ದು ಮೇಲೆ ಬಂದವನು. ಹೈದರಾಲಿ.

ಹೈದರಾಲಿ ಬೆಳೆದ, ನಂಜರಾಜ ಮೂಲೆ ಸೇರಿದ. ಆದರೆ ಹೈದರಾಲಿಯೂ ಒಮ್ಮೆ ಎಲ್ಲ ಕಳೆದುಕೊಂಡ. ತಾನೇ ಬೆಳೆಸಿದ ಖಂಡೇರಾಯ ತಿರುಗಿ ಬಿದ್ದಾಗ ಅವನು ನೇರವಾಗಿ ಹೋದದ್ದು ಕೋಣನೂರಿನಲ್ಲಿ ಕಾಲ ಕಳೆಯುತ್ತಿದ್ದ ನಂಜರಾಜನ ಬಾಗಿಲಿಗೆ. ಕಾಲಿಗೆ ಬಿದ್ದ. ಹಳೆಯ ಧಣಿ ಕರಗಿದ, ತನ್ನ ಹೆಸರನ್ನು ಬಳಸಿಕೊಳ್ಳಲು ಬಿಟ್ಟ. 1761ರಲ್ಲಿ ಹೈದರಾಲಿ ಮೈಸೂರಿಗೆ ಒಡೆಯನಾದ. ಉಪಕಾರ ಮಾಡಿದ ನಂಜರಾಜನಿಗೆ ಸಿಕ್ಕಿದ್ದು ಕಾವಲಿನ ಬದುಕು, 1773ರಲ್ಲಿ ಸತ್ತ.

ಕಾಲಿಗೆ ಬಿದ್ದವನೇ ಕಾಲು ಎಳೆಯುವ ಈ ದೃಶ್ಯಕ್ಕೆ ಸಂಭಾಷಣೆ ಬರೆಯುವ ಭಾಗ್ಯ ಯಾರದೋ.

ಹಕೀಮ ನಂಜುಂಡ

ಈಗ ನಂಜನಗೂಡಿನ ಗುಡಿಯೊಳಗೆ ಬನ್ನಿ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಕಟ್ಟಿಸಿದ 120 ಅಡಿಯ ಗೋಪುರವನ್ನು ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ಒಳಗಿನ ಪಚ್ಚೆಲಿಂಗವನ್ನು ನೋಡದೆ ಬರುವವರೇ ಜಾಸ್ತಿ.

ಗೇಣುದ್ದದ, ಹಸಿರು ಮಿಶ್ರಿತ ನುಣುಪು ಕಲ್ಲಿನ ಲಿಂಗ ಅದು. ಟಿಪ್ಪು ಕೊಟ್ಟದ್ದೆಂದು ಹೇಳಿಕೆ. ಪಾದುಷಾ ಲಿಂಗ ಎಂಬ ಹೆಸರೂ ಉಂಟು. ಕಥೆ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಟಿಪ್ಪುವಿನ ಆನೆಗೆ ಕಣ್ಣು ಹೋಗಿತ್ತು, ನಂಜುಂಡನಿಗೆ ಹರಕೆ ಹೊತ್ತ ಮೇಲೆ ಬಂತು, ಸುಲ್ತಾನ ದೇವರನ್ನು ಹಕೀಮ ನಂಜುಂಡ ಎಂದು ಕರೆದು ಲಿಂಗ ಅರ್ಪಿಸಿದ. ಆನೆಯ ಕಣ್ಣಿನ ಸಂಗತಿ ನಂಬಿಕೆಗೆ ಬಿಟ್ಟದ್ದು. ಕಳಲೆಯ ಲಕ್ಷ್ಮೀಕಾಂತ ದೇವಸ್ಥಾನದ ಸಾಕ್ಷಿ ಇನ್ನಷ್ಟು ಗಟ್ಟಿ: ಬೆಳ್ಳಿಯ ನಾಲ್ಕು ಬಟ್ಟಲು, ಒಂದು ತಟ್ಟೆ, ಒಂದು ಪೀಕದಾನಿ. ಅವು ಟಿಪ್ಪುವಿನ ಕೊಡುಗೆ ಎಂದು ಅವುಗಳ ಮೇಲೇ ಬರೆದಿದೆ. ಮೈಸೂರಿನ ಪುರಾತತ್ವ ಇಲಾಖೆ ಅದನ್ನು ದಾಖಲಿಸಿದೆ.

ಯಾರ ಊರು ಕಳಲೆ? ಹೈದರಾಲಿ ಮೂಲೆಗೆ ತಳ್ಳಿದ ದಳವಾಯಿಗಳ ಊರು. ಅಲ್ಲಿನ ದೇವರಿಗೆ ಹೈದರಾಲಿಯ ಮಗನ ಬೆಳ್ಳಿ. ಭಕ್ತಿಯೋ, ರಾಜಕೀಯವೋ, ಎರಡೂ ಇತ್ತೋ? ಪರ–ವಿರೋಧದ ಭಾಷಣಗಳಲ್ಲಿ ಈ ಪ್ರಶ್ನೆ ಹಿಡಿಸುವುದಿಲ್ಲ. ಒಳ್ಳೆಯ ಸಿನಿಮಾದಲ್ಲಿ ಹಿಡಿಸುತ್ತದೆ. ಟಿಪ್ಪುವಿನ ಕನಸಿನ ದಾಖಲೆಗಳನ್ನು ಹಿಡಿದು ಬಿಬಿಸಿ ರೇಡಿಯೋಕ್ಕೆ ನಾಟಕ ಬರೆದ ಗಿರೀಶ ಕಾರ್ನಾಡರು ಅಂಥ ಒಂದು ದಾರಿ ತೋರಿಸಿದ್ದರು. ತೆರೆಯ ಮೇಲೆ ಆ ದಾರಿಯಲ್ಲಿ ನಡೆದವರು ಕಡಿಮೆ.

| ಬಾಕ್ಸ್ | ಕ್ಯಾಮೆರಾ ಬಂದ ಕಡೆ

*‘ಎಲಿಫೆಂಟ್ ಬಾಯ್’ (1937): ಮೈಸೂರು ಸೀಮೆಯ ಕಾರಾಪುರದ ಮಾವುತರ ಹುಡುಗ ಸಾಬುವನ್ನು ಜಗತ್ತಿನ ತಾರೆ ಮಾಡಿದ ಬ್ರಿಟಿಷ್ ಚಿತ್ರ. ರಾಬರ್ಟ್ ಫ್ಲಾಹರ್ಟಿ, ಜೊಲ್ಟಾನ್ ಕೊರ್ಡಾ ನಿರ್ದೇಶನ.*

*‘ಕಿತ್ತೂರು ಚೆನ್ನಮ್ಮ’ (1961): ಕಂಪನಿ ಸರ್ಕಾರದ ಎದುರು ನಿಂತ ರಾಣಿಯಾಗಿ ಬಿ. ಸರೋಜಾದೇವಿ. ನಿರ್ದೇಶನ ಬಿ. ಆರ್. ಪಂತುಲು.*

*‘ಎ ಪ್ಯಾಸೇಜ್ ಟು ಇಂಡಿಯಾ’ (1984): ಡೇವಿಡ್ ಲೀನ್ ತನ್ನ ಕಥೆಯ ಬಿಹಾರದ ಗುಹೆಗಳನ್ನು ಸಾವನದುರ್ಗ, ರಾಮದೇವರಬೆಟ್ಟದ ಬಂಡೆಗಳಲ್ಲಿ ಕಂಡುಕೊಂಡ.*

*‘ಮೈಸೂರು ಮಲ್ಲಿಗೆ’ (1992): ಕೆ. ಎಸ್. ನರಸಿಂಹಸ್ವಾಮಿಯವರ ಕವಿತೆಗಳಿಂದ ಟಿ. ಎಸ್. ನಾಗಾಭರಣ ಹೆಣೆದ, ಸ್ವಾತಂತ್ರ್ಯ ಹೋರಾಟದ ದಿನಗಳ ಪ್ರೇಮಕಥೆ. ಸುಧಾರಾಣಿ, ಆನಂದ್ ಜೋಡಿ. ಗೀತರಚನೆಗೆ ಕವಿಗೆ ರಾಷ್ಟ್ರಪ್ರಶಸ್ತಿ. ಸರ್ಕಾರಿ ನೌಕರಿಯ ದಿನಗಳಲ್ಲಿ ಕವಿ ಸ್ವಲ್ಪ ಕಾಲ ಇದ್ದ ಊರು ನಂಜನಗೂಡು.*

ಲೊಕೇಶನ್ ಹುಡುಕುವವರಿಗೆ

ಬ್ರಿಟಿಷರ ಕಾಲದ ಕಥೆ ಎಂದ ಕೂಡಲೇ ನಮ್ಮ ನಿರ್ದೇಶಕರು ರಾಜಸ್ಥಾನದ ಕೋಟೆಗೋ ಹೈದರಾಬಾದಿನ ಫಿಲ್ಮ್‌ಸಿಟಿಗೋ ಟಿಕೆಟ್ ತೆಗೆಸುತ್ತಾರೆ. ಮಿಕ್ಕಿದ್ದನ್ನು ಕಂಪ್ಯೂಟರ್ ಗ್ರಾಫಿಕ್ಸ್ ನೋಡಿಕೊಳ್ಳುತ್ತದೆ. ಎರಡು ತಾಲ್ಲೂಕಿನಲ್ಲಿ ಕಲ್ಲಿನ ಸೇತುವೆ, ದಳವಾಯಿಗಳ ಊರು, ಸುಲ್ತಾನನ ಬೆಳ್ಳಿ, ಕಂಪನಿ ದಾಟಿದ ಹೊಳೆ, ಕೊನೆಯ ಸಭೆ ನಡೆದ ಊರು ಇಷ್ಟೂ ಇರುವಾಗ! ಇವು ಸಾಲದು ಎನ್ನುವವರಿಗೆ ನಂಜನಗೂಡು ತಾಲ್ಲೂಕಿನದೇ ತಗಡೂರು, ಬದನವಾಳು ಇವೆ. ತಗಡೂರು ರಾಮಚಂದ್ರರಾಯರು ಖಾದಿ ಕಟ್ಟಿದ ನೆಲ. ಬದನವಾಳಿನ ನೂಲುವ ಕೇಂದ್ರಕ್ಕೆ ಗಾಂಧೀಜಿಯೇ ಬಂದಿದ್ದರು. ಅದೂ ಬ್ರಿಟಿಷರ ಕಾಲದ ಕಥೆಯೇ, ಕತ್ತಿಯಿಲ್ಲದ್ದು.

ನೋಡುವ ಮನಸ್ಸಿದ್ದವರಿಗೆ ದಾರಿ ಸುಲಭ. ಮೈಸೂರಿನಿಂದ ಬೆಳಿಗ್ಗೆ ಹೊರಟು ನಂಜನಗೂಡಿನ ಹಳೆ ಸೇತುವೆ ಮತ್ತು ಪಚ್ಚೆಲಿಂಗ ನೋಡಿ, ಕಳಲೆಗೆ ಹೋಗಿ ಬಂದು, ತಿ. ನರಸೀಪುರದ ಸಂಗಮ, ಸೋಸಲೆ, ಬನ್ನೂರು ಹಾದು ಸಂಜೆಯೊಳಗೆ ಶ್ರೀರಂಗಪಟ್ಟಣ ಸೇರಬಹುದು. ಮಾರ್ಚ್ ಕೊನೆಗೆ ಬಂದರೆ ಒಳ್ಳೆಯದು: ನಂಜನಗೂಡಿನ ದೊಡ್ಡ ಜಾತ್ರೆಯ ಆಸುಪಾಸು, ಹೊಳೆಯಲ್ಲೂ ನೀರು ಕಡಿಮೆ. ಹ್ಯಾರಿಸ್ ದಾಟಿದ ಕಾಲಕ್ಕೆ ಮೇಲೆ ಕನ್ನಂಬಾಡಿ ಕಟ್ಟೆಯಾಗಲಿ ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟೆಯಾಗಲಿ ಇರಲಿಲ್ಲ. ಈಗ ಯಾವಾಗ ನೀರು ಬಿಡುತ್ತಾರೋ ಹೇಳಲಾಗದು. ಆದ್ದರಿಂದ ಊರಿನವರನ್ನು ಕೇಳದೆ ಹೊಳೆಗಿಳಿಯಬೇಡಿ.

ಟಿಪ್ಪುವಿನ ಬಗ್ಗೆ ಮತ್ತೊಂದು ಸಿನಿಮಾ ಇಂದಲ್ಲ ನಾಳೆ ಬಂದೇ ಬರುತ್ತದೆ. ಮಾಡುವವರಲ್ಲಿ ಕೋರಿಕೆ ಎರಡೇ. ಸೆಟ್ಟಿನ ಫ್ಲೋರಿಗೆ ಎರಡು ಬಾಗಿಲು ಹೆಚ್ಚಿಗೆ ಇಡಿಸಿ. ಕಳಲೆಯವರ ಬಾಯಲ್ಲಿ ಕನ್ನಡ ಆಡಿಸಿ.